ಸೇತುವೆಯ ಕೆಳಗೆ ಕೈ ಬದಲಾಯಿಸಿದ ರಾಶಿಗಳು: ಬು ಸುವರ್ನಿಯವರ ಹಂಚಿಕೆಯ ಬದುಕು

ಸುರಬಾಯದಂಥ ನಗರದಲ್ಲಿ ಸವಾರನೊಬ್ಬ ಎಷ್ಟೇ ಚುರುಕಾಗಿ ಬೈಕು ಓಡಿಸಲಿ, ಅವನನ್ನು ಕಳಿಸುವವರ ಲೆಕ್ಕ ತಪ್ಪಿದರೆ ಬೆಳಿಗ್ಗೆ ಎತ್ತಿಕೊಂಡ ಪಾರ್ಸೆಲ್ಲು ಸಂಜೆಯಾದರೂ ಚೀಲದಲ್ಲೇ ಉಳಿಯುತ್ತದೆಂಬುದನ್ನು ಕೆಂಬಾಂಗ್ ಜೆಪುನ್ ಬೀದಿಯ ವ್ಯಾಪಾರಿಗಳು ಚೆನ್ನಾಗಿ ಬಲ್ಲರು. ಯಾವ ಪಾರ್ಸೆಲ್ಲು ಯಾರ ಕೈಗೆ ಹೋಗಬೇಕು, ಯಾವುದನ್ನು ಮೊದಲು ಕೊಟ್ಟು ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು, ಖಾಲಿ ಚೀಲದಲ್ಲಿ ಮರಳುವ ಬದಲು ಬರುವ ದಾರಿಯಲ್ಲೇ ಯಾವ ಅಂಗಡಿಯ ಮುಂದೆ ನಿಂತು ಏನನ್ನು ಎತ್ತಿಕೊಂಡು ಬರಬೇಕು ಎಂಬ ಈ ಹಂಚಿಕೆಯ ಕೆಲಸದಲ್ಲಿ, ನಮ್ಮ ಊರಿನ ಯಾರನ್ನು ಕೇಳಿದರೂ ಮೊದಲು ಹೇಳುವ ಹೆಸರು ಗಂದೇವಾ ಪಾರ್ಸೆಲ್ ಸೇವೆಯ ಬು ಸುವರ್ನಿಯವರದು. ತಮಗಿಂತ ಹಿರಿಯರಾದ ಸವಾರರಿಂದಲೂ, ತಾಯಿಯನ್ನು ಕರೆದಂತೆ, ‘ಬು’ ಎಂದೇ ಕರೆಸಿಕೊಂಡ ಅವರು ಈಗ ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ.

ಈ ಸಂಪುಟದ ಉಳಿದ ಲೇಖನಗಳು ಅವರ ದಕ್ಷತೆಯನ್ನೂ ತಾಳ್ಮೆಯನ್ನೂ ಕೊಂಡಾಡುತ್ತವೆ. ಅವೆಲ್ಲ ನಿಜ. ಈ ಲೇಖನದ ಪಾಲಿಗೆ ಬಂದಿರುವುದು ಮಾತ್ರ ಗಂದೇವಾದ ನಾವೆಲ್ಲರೂ ಇನ್ನೂ ನೆನೆದರೆ ಮೈ ಜುಮ್ಮೆನ್ನುವ ಒಂದು ಸಂಗತಿ. ಸನ್ಮಾನದ ಪುಸ್ತಕದಲ್ಲಿ ಇಂಥದ್ದನ್ನು ಸೇರಿಸುವುದು ಮರ್ಯಾದೆಯೇ ಎಂದು ಸಂಪಾದಕರು ಅನುಮಾನಿಸಿದಾಗ, ಅದಿಲ್ಲದಿದ್ದರೆ ತಮಗೆ ಪುಸ್ತಕವೇ ಬೇಡವೆಂದು ಬು ಸುವರ್ನಿಯವರು ಹೇಳಿಬಿಟ್ಟರು. ಅವರ ಮಾತನ್ನು ಮೀರುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ. ಹಾಗೆಂದು ನಾವೆಲ್ಲ ನಂಬಿದ್ದೆವು ಎನ್ನುವುದು ಹೆಚ್ಚು ಸರಿ.

ಆಂಪೆಲ್ ಕಡೆಯ ಇಕ್ಕಟ್ಟು ವಠಾರದಲ್ಲಿ ಬೆಳೆದ ಅವರು ಮೊದಲು ಕೆಂಬಾಂಗ್ ಜೆಪುನ್‌ನ ಗುಂಡಿ ಅಂಗಡಿಯೊಂದರಲ್ಲಿ ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದರು. ಅದೇ ಬೀದಿಯಲ್ಲಿ, ಎಲ್ಲರೂ ಅಣ್ಣನೆಂಬಂತೆ ‘ಕೊಹ್’ ಎನ್ನುವ ಕೊಹ್ ಹಂದೋಯೊ ಕೆಲವೇ ಬೈಕುಗಳನ್ನಿಟ್ಟುಕೊಂಡು ಗಂದೇವಾ ಶುರುಮಾಡಿದಾಗ, ಫೋನು ಎತ್ತುವುದಕ್ಕೆಂದು ಅವರನ್ನು ಕರೆದುಕೊಂಡರು. ಆಗ ಸವಾರರ ಕೈಯಲ್ಲಿ ಮೊಬೈಲು ಇರಲಿಲ್ಲ. ಒಂದು ಪಾರ್ಸೆಲ್ಲು ಕೊಟ್ಟ ಮೇಲೆ ಹತ್ತಿರದ ಫೋನಂಗಡಿಗೆ ಹೋಗಿ, ಮುಂದೆಲ್ಲಿಗೆ ಎಂದು ಅವರು ಕೇಳಬೇಕಿತ್ತು. ಸವಾರ ಊರಿನ ಯಾವ ಮೂಲೆಯಲ್ಲಿ ನಿಂತಿದ್ದಾನೆಂಬುದನ್ನು ಅವನು ಹೇಳುವ ಮೊದಲೇ ಬು ಸುವರ್ನಿಯವರು ಹಿನ್ನೆಲೆಯ ಸದ್ದಿನಲ್ಲೇ ಹಿಡಿಯುತ್ತಿದ್ದರು. ರೈಲು ಕೂಗಿದರೆ ವೊನೊಕ್ರೊಮೊ, ತೆಂಗಿನಕಾಯಿ ತುರಿಯುವ ಯಂತ್ರ ಗರಗರ ಎಂದರೆ ಪಾಬೆಯಾನ್ ಮಾರುಕಟ್ಟೆ. ಒಮ್ಮೆ ಸವಾರನೊಬ್ಬ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆಂದು ಹೇಳುತ್ತಿದ್ದಾಗ, ಹಿಂದೆ ಕಾದ ಬಾಣಲೆಗೆ ತೋಫು ಬಿದ್ದ ಸದ್ದು ಕೇಳಿ, ತಿಂದು ಮುಗಿಸಿ ಹೊರಡು ಎಂದರಂತೆ.

ಸ್ವಲ್ಪ ದಿನಕ್ಕೆ ಫೋನಿನ ಮೇಜಿನಿಂದ ಎದ್ದು ಅವರು ಗೋದಾಮಿನ ನೆಲಕ್ಕೆ ಬಂದರು. ಆ ನೆಲದ ಮೇಲೆ ಸೀಮೆಸುಣ್ಣದಿಂದ ಊರನ್ನೇ ಬರೆದರು. ನಡುವೆ ಕಾಲಿ ಮಾಸ್ ನದಿ, ಪಕ್ಕದಲ್ಲಿ ರೈಲು ಹಳಿ, ಒಂದು ಕೊನೆಗೆ ಬಂದರು. ಬೆಳಿಗ್ಗೆ ಬಂದ ಪಾರ್ಸೆಲ್ಲುಗಳನ್ನೆಲ್ಲ ಆಯಾ ಜಾಗದಲ್ಲಿ ಇಟ್ಟು, ಯಾರೂ ನದಿಯನ್ನು ಎರಡು ಸಲ ದಾಟದಂತೆ, ರೈಲ್ವೆ ಗೇಟಿನ ಮುಂದೆ ಯಾರೂ ಸುಮ್ಮನೆ ನಿಲ್ಲದಂತೆ ರಾಶಿ ಮಾಡಿ, ಪ್ರತಿ ರಾಶಿಯ ಮೇಲೆ ಒಬ್ಬ ಸವಾರನ ಹೆಸರಿನ ಚೀಟಿ ಇಡುತ್ತಿದ್ದರು. ಬೀದಿಯ ವ್ಯಾಪಾರಿಗಳು ಅದನ್ನು ನೋಡಲೆಂದೇ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

ರಾಶಿ ಮಾಡುವುದು ಬುದ್ಧಿಯ ಕೆಲಸವಾದರೆ ಚೀಟಿ ಇಡುವುದು ಹೃದಯದ ಕೆಲಸವೆಂದು ಅವರು ತಿಳಿದಿದ್ದರು. ಅವರಿಗೂ ಹಡಗು ರಿಪೇರಿಯ ಕೆಲಸದಲ್ಲಿದ್ದ ಅವರ ಯಜಮಾನರಿಗೂ ಮಕ್ಕಳಾಗಲಿಲ್ಲ. ಸವಾರರ ಮನೆಯ ಸುಖದುಃಖಗಳನ್ನೆಲ್ಲ ಅವರು ತಮ್ಮ ಮನೆಯದೆಂಬಂತೆ ತಲೆಯಲ್ಲಿ ಇಟ್ಟುಕೊಂಡಿದ್ದರು. ಎಲ್ಲರಿಗೂ ಅಣ್ಣನಂತಿದ್ದ ಮಾತುಗಾರ ಚಾಕ್ ಜುಮಾದಿಯವರಿಗೆ, ಮಧ್ಯಾಹ್ನ ಮಾವನ ಮನೆಯಲ್ಲಿ ಬಿಸಿ ಊಟ ಸಿಗಲಿ ಎಂದು ಆ ಕಡೆಯ ರಾಶಿಯನ್ನೇ ಮೀಸಲಿಟ್ಟರು. ಧೂಳಿಗೆ ಉಬ್ಬಸ ಬರುತ್ತಿದ್ದ ಒಬ್ಬರಿಗೆ ಸಮುದ್ರದ ಗಾಳಿ ಬೀಸುವ ಹೊಸ ಫ್ಲಾಟುಗಳ ರಾಶಿ. ಹೆಂಡತಿಯ ಹೆರಿಗೆ ಹತ್ತಿರವಾದವರಿಗೆ ಆಸ್ಪತ್ರೆಯ ಸುತ್ತಲಿನ ಬೀದಿಗಳು. ಇದನ್ನು ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಕೇಳುವ ಮೊದಲೇ ಅರ್ಥಮಾಡಿಕೊಂಡೆನೆಂಬ ತೃಪ್ತಿಯಲ್ಲಿ ಅವರು ಸಂಜೆ ಮನೆಗೆ ಹೋಗಿ ಅನ್ನಕ್ಕೆ ಇಡುತ್ತಿದ್ದರು.

ಚಾಕ್ ಪೊನಿರಾನ್ ಮಾತು ಕಡಿಮೆಯ ಸವಾರರು. ಅವರ ಏಳು ವರ್ಷದ ಮಗಳು ಲಾರಿಯ ಕೆಳಗೆ ಬಿದ್ದು ತೀರಿಕೊಂಡಳು. ಸಾವಿನ ನಂತರದ ಪ್ರಾರ್ಥನೆಯ ದಿನಗಳಲ್ಲಿ ಬು ಸುವರ್ನಿಯವರು ಎಲ್ಲ ಹೆಂಗಸರಂತೆ ಅಕ್ಕಿ, ಸಕ್ಕರೆ ತೆಗೆದುಕೊಂಡು ಗುಬೆಂಗ್ ರೈಲು ನಿಲ್ದಾಣದ ಹಿಂದಿನ ಅವರ ಮನೆಗೆ ಹೋದರು. ಗೋಡೆಗೆ ಒರಗಿ ಕೂತ ತಾಯಿ ಯಾರನ್ನೂ ನೋಡುತ್ತಿರಲಿಲ್ಲ. ಊಟ ಮಾಡಿದೆಯಾ ತಾಯಿ ಎಂದು ಕೇಳಿದರು, ತಲೆ ನೇವರಿಸಿದರು. ಎಲ್ಲಿ ಆಯಿತು, ಹೇಗಾಯಿತು ಎಂದು ಮಾತ್ರ ಕೇಳಲಿಲ್ಲ. ಹಾಗೆ ಕೇಳುವುದು ಗಾಯದೊಳಗೆ ಬೆರಳು ಹಾಕಿದಂತೆ ಎಂದು ಅವರಿಗೆ ಅನ್ನಿಸಿತ್ತು. ಮರುದಿನ ಅವರು ನೆಲದ ಮೇಲಿನ ಚೀಟಿಗಳನ್ನು ಬದಲಾಯಿಸಿ, ದೂರದ ಬಂದರಿನ ಕಡೆಗೆ ಹೋಗುತ್ತಿದ್ದ ಪೊನಿರಾನ್‌ರಿಗೆ ಅವರ ಮನೆಯ ಸುತ್ತಲಿನ ಗಲ್ಲಿಗಳ ರಾಶಿಯನ್ನೇ ಕೊಟ್ಟರು. ನಡುನಡುವೆ ಮನೆಗೆ ಹೋಗಿ ಹೆಂಡತಿಯ ಮುಖ ನೋಡಿಕೊಂಡು ಬರಬಹುದಲ್ಲ ಎಂದು. ಪೊನಿರಾನ್ ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿದರು. ಆ ದಿನ ಬು ಸುವರ್ನಿಯವರು ಮನೆಗೆ ಹೋಗಿ ಅತ್ತರು. ತಮ್ಮ ಇಡೀ ಸೇವೆಯಲ್ಲಿ ಇದಕ್ಕಿಂತ ಒಳ್ಳೆಯದೇನನ್ನೂ ಮಾಡಿಲ್ಲವೆಂದು ಅವರು ಯಜಮಾನರಿಗೆ ಹೇಳಿದರು.

ಗಂದೇವಾದ ಹೆಸರು ಹಬ್ಬಿತು. ನಿವೃತ್ತಿಗೆ ಕೆಲವು ವರ್ಷ ಉಳಿದಿದ್ದಾಗ ಕೊಹ್ ಹಂದೋಯೊ ಜಕಾರ್ತದಿಂದ ಇಂಜಿನಿಯರುಗಳನ್ನು ಕರೆಸಿ, ಬು ಸುವರ್ನಿಯವರ ನೆಲವನ್ನು ಕಂಪ್ಯೂಟರಿನೊಳಗೆ ಇಳಿಸಿದರು. ನದಿ, ಹಳಿ, ಬಂದರು, ಜೊತೆಗೆ ಯಾವ ಸವಾರನಿಗೆ ಯಾವ ಗಲ್ಲಿ ಎಂಬ ಅವರ ಚೀಟಿಗಳೆಲ್ಲ ಒಳಗೆ ಹೋದವು. ಇನ್ನು ಮೇಲೆ ಗೋದಾಮಿನಲ್ಲೇ ಪ್ರತಿ ಪಾರ್ಸೆಲ್ಲನ್ನೂ ಸವಾರನ ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು; ಯಾರ ಫೋನಿನಲ್ಲಿ ಏರಿತೋ ಅವರೇ ಬಾಗಿಲಲ್ಲಿ ಕೊಡಬೇಕು. ಇದಕ್ಕೆ ‘ಸುವರ್ನಿ ಪದ್ಧತಿ’ ಎಂದು ಹೆಸರಿಟ್ಟು, ಅವರ ಫೋಟೋ ಹಾಕಿ ಕರಪತ್ರ ಅಚ್ಚು ಹಾಕಿಸಿದರು. ಮಲಾಂಗ್‌ನ ಒಂದು ಸಂಸ್ಥೆ ಅದನ್ನು ಕೊಳ್ಳಲು ಮುಂದೆ ಬಂತು. ಅದು ಕೈಗೂಡಿದರೆ ಎರಡೂ ಊರಿನ ಹಂಚಿಕೆಗೆ ಬು ಸುವರ್ನಿಯವರೇ ಮುಖ್ಯಸ್ಥೆ. ಗುಂಡಿ ಅಂಗಡಿಯ ಹಳೆಯ ಗೆಳತಿಯರು ಕರಪತ್ರವನ್ನು ಗಾಜಿನ ಕಪಾಟಿಗೆ ಅಂಟಿಸಿದರು. ಅವರು ನಾಚಿಕೊಂಡು ಆ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟರು.

ಹೊಸ ವ್ಯವಸ್ಥೆ ಶುರುವಾದ ವಾರವೇ ಗಂದೇವಾ ಕುಸಿದುಬಿತ್ತು. ಒಂದು ದಿನವೂ ತಡಮಾಡದವರು ತಡಮಾಡಿದರು. ಫ್ಲಾಟುಗಳ ರಾಶಿ ಹಿಡಿದ ಉಬ್ಬಸದ ಸವಾರರು ಮೆಟ್ಟಿಲ ಮೇಲೆ ಕುಸಿದು ಕೂತರೆಂದು ಯಾರೋ ಫೋನು ಮಾಡಿದರು. ಮದುವೆಮನೆಗೆ ಹೋಗಬೇಕಿದ್ದ ಬಟ್ಟೆಯ ಗಂಟು ಮದುವೆ ಮುಗಿದ ಮೇಲೆ ತಲುಪಿತು. ವ್ಯಾಪಾರಿಗಳು ಬಾಗಿಲಲ್ಲಿ ನಿಂತು ಕೂಗಾಡಿದರು. ಇಂಜಿನಿಯರುಗಳು ಎಷ್ಟು ಸಲ ತಿರುವಿ ನೋಡಿದರೂ, ಕಂಪ್ಯೂಟರು ಬು ಸುವರ್ನಿಯವರು ಕಲಿಸಿದ್ದನ್ನು ಅಕ್ಷರ ತಪ್ಪದೆ ಮಾಡುತ್ತಿತ್ತು. ಅದೇ ಬು ಸುವರ್ನಿಯವರನ್ನು ದಂಗುಬಡಿಸಿತು. ತಾವು ಇಷ್ಟು ವರ್ಷ ಮಾಡಿದ್ದನ್ನೇ ಯಂತ್ರ ಮಾಡುತ್ತಿದೆ, ತಮಗೆ ಸರಿಹೋದದ್ದು ಅದಕ್ಕೆ ಯಾಕೆ ಸರಿಹೋಗುತ್ತಿಲ್ಲ?

ಅಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ಕೆಂಪಾಯಿತು. ಪೊನಿರಾನ್‌ರ ಹೆಸರಿಗೆ ಏರಿದ್ದ, ಕೆನಂಗಾ ಗಲ್ಲಿಯ ಪಾರ್ಸೆಲ್ಲೊಂದನ್ನು ಜುಮಾದಿಯವರು ಬಾಗಿಲಲ್ಲಿ ಕೊಟ್ಟದ್ದಾಗಿ ಅವರ ಫೋನು ತೋರಿಸುತ್ತಿತ್ತು. ಒಬ್ಬರ ಮಾಲು ಇನ್ನೊಬ್ಬರ ಕೈಗೆ ಹೋಗಿದೆಯೆಂದರೆ ಅದರ ಅರ್ಥ ಕಳ್ಳತನವೆಂದು ಕೊಹ್ ಹಂದೋಯೊ ತೀರ್ಮಾನಿಸಿದರು. ಇಬ್ಬರನ್ನೂ ಕೆಲಸದಿಂದ ತೆಗೆಯುವುದು ಖಚಿತವಾಯಿತು. ಈ ಕುಸಿತಕ್ಕೆಲ್ಲ ಇಂಥವರೇ ಕಾರಣವೆಂದು ಮಲಾಂಗ್‌ನವರಿಗೂ ತೋರಿಸಬಹುದಿತ್ತು. ಬು ಸುವರ್ನಿಯವರು ಒಂದೇ ಒಂದು ಸಾಲು ಬರೆದುಕೊಡಬೇಕಿತ್ತು: ಇಂಥ ಅದಲುಬದಲು ತಮಗೆ ಎಂದೂ ತಿಳಿದಿರಲಿಲ್ಲ ಎಂದು.

ಅದು ನಿಜವೇ ಆಗಿತ್ತು. ಆದರೂ ಅವರು ಪೆನ್ನು ಹಿಡಿಯುವ ಮೊದಲು ಜುಮಾದಿಯವರನ್ನು ಕರೆದು ಕೇಳಿದರು. ಎಂದೂ ಮಾತಿಗೆ ತಡವರಿಸದ ಮನುಷ್ಯ ಅಂದು ಚಪ್ಪಲಿ ನೋಡುತ್ತ ನಿಂತು, ಇಲ್ಲಿ ಹೇಳೋಕಾಗಲ್ಲ ಬು, ನಾಳೆ ಬೆಳಿಗ್ಗೆ ಯು ನಾತುನ್ ಟೀ ಅಂಗಡಿಗೆ ಬನ್ನಿ ಎಂದಷ್ಟೇ ಹೇಳಿ ಹೋದರು.

ಸವಾರರೆಲ್ಲ ಅಕ್ಕನೆಂಬಂತೆ ‘ಯು’ ಎಂದು ಕರೆಯುವ ನಾತುನ್ ಅವರ ಟೀ ಅಂಗಡಿ ರೈಲು ಸೇತುವೆಯ ಕೆಳಗಿದೆ. ಗೋದಾಮಿನಿಂದ ಹೊರಟ ಸವಾರರು ಅಲ್ಲಿ ಒಂದು ಲೋಟ ಟೀ ಕುಡಿದು ಹೋಗುತ್ತಾರೆಂಬುದು ಬು ಸುವರ್ನಿಯವರಿಗೆ ಗೊತ್ತಿತ್ತು. ಗಂಡಸರು ಕೂರುವ ಜಾಗವೆಂದು ಅವರು ಎಂದೂ ಹೋಗಿರಲಿಲ್ಲ. ಇಂಜಿನಿಯರುಗಳು ತಪಾಸಣೆಗೆಂದು ಕಂಪ್ಯೂಟರು ನಿಲ್ಲಿಸಿದ್ದರಿಂದ ಅಂದು ಸ್ಕ್ಯಾನ್ ಇರಲಿಲ್ಲ; ರಾಶಿ ಕಟ್ಟಿ ಚೀಟಿ ಇಟ್ಟವರು ಮತ್ತೆ ಅವರೇ. ಆ ಬೆಳಿಗ್ಗೆ ಅವರು ಸೇತುವೆಯ ನೆರಳಿಗೆ ಕಾಲಿಟ್ಟಾಗ ಕಂಡದ್ದು ಇಷ್ಟು. ತಾವು ಗಂಟೆಗಟ್ಟಲೆ ಬಗ್ಗಿ ಕಟ್ಟಿದ ರಾಶಿಗಳೆಲ್ಲ ಜಲ್ಲಿಕಲ್ಲಿನ ಮೇಲೆ ಸಾಲಾಗಿ ಇಳಿದಿದ್ದವು. ಸವಾರರು ಬೇರೆಯವರ ರಾಶಿ ಎತ್ತಿಕೊಂಡು ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಯಾರೂ ಜಗಳವಾಡುತ್ತಿರಲಿಲ್ಲ, ಯಾರೂ ಯೋಚಿಸುತ್ತಿರಲಿಲ್ಲ. ಕೈಗಳು ದಿನನಿತ್ಯದ ಅಭ್ಯಾಸದಲ್ಲಿ ಹೋಗಿ ಬರುತ್ತಿದ್ದವು. ಅವರನ್ನು ಕಂಡದ್ದೇ ಎಲ್ಲ ಕೈಗಳೂ ಅಲ್ಲಲ್ಲೇ ನಿಂತವು.

ಮೊದಲು ಬಾಯಿ ಬಿಟ್ಟವರು ಯು ನಾತುನ್. “ಬನ್ನಿ ಬು, ಇಷ್ಟು ವರ್ಷಕ್ಕೆ ಅಂತೂ ಬಂದ್ರಲ್ಲ. ಇವರ ಬಾಯಲ್ಲಿ ನಿಮ್ಮ ಹೆಸರು ಕೇಳಿ ಕೇಳಿ ನನ್ನ ಕೆಟಲ್ ಕೂಡ ನಿಮಗೆ ಹೆದರುತ್ತೆ.”

“ಬಯ್ಯೋದಾದ್ರೆ ಟೀ ಕುಡಿದು ಬಯ್ಯಿ ಬು,” ಎಂದರು ಜುಮಾದಿ. “ಬರೀ ಹೊಟ್ಟೇಲಿ ಬೈದ್ರೆ ನಿಮಗೇ ಆಯಾಸ.”

ಇದು ಎಷ್ಟು ದಿನದಿಂದ ಎಂದು ಅವರು ಕೇಳಿದರು. ದಿನದ ಲೆಕ್ಕ ಯಾರಲ್ಲೂ ಇರಲಿಲ್ಲ. ವರ್ಷಗಳು, ಎಂದರು ಯಾರೋ. ಅವರು ಬೆಂಚಿನ ಮೇಲೆ ಕೂತರು. ಜುಮಾದಿ ಎದುರಿಗೆ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಹೇಳಿದರು. ಸಮುದ್ರದ ಗಾಳಿಯ ಫ್ಲಾಟುಗಳಲ್ಲಿ ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿತ್ತು. ಉಬ್ಬಸದವರು ಎರಡನೇ ಮಹಡಿ ದಾಟುವುದರೊಳಗೆ ನೀಲಿಗಟ್ಟುತ್ತಿದ್ದರು. ಆಸ್ಪತ್ರೆಯ ಬೀದಿಗಳನ್ನು ಪಡೆದ ಸವಾರರು ದಿನವೂ ಹೆಣದ ಗಾಡಿಗಳನ್ನು ನೋಡಿ, ಹೆಂಡತಿಯ ಹೆರಿಗೆಗೆ ಮೊದಲೇ ತಾವು ಜ್ವರ ಹಿಡಿದು ಮಲಗಿದ್ದರು.

“ನನ್ನದೇ ಕೇಳಿ ಬು. ಮಾವನ ಮನೇಲಿ ಬಿಸಿ ಊಟ ಮಾಡ್ಲಿ ಅಂತ ಆ ಕಡೆ ಹಾಕಿದ್ರಿ. ಆ ಮನುಷ್ಯ ನನ್ನ ಬಾಗಿಲಲ್ಲೇ ನಿಲ್ಲಿಸಿ, ಯಾವತ್ತಪ್ಪ ಗಂಡಸರು ಮಾಡೋ ಕೆಲಸ ಹಿಡೀತೀಯಾ ಅಂತಾನೆ. ಅವನ ಮುಖ ನೋಡಿದ ದಿನ ನನಗೆ ನೀರೂ ಇಳಿಯಲ್ಲ.”

ಸವಾರರು ನಕ್ಕರು. ಬು ಸುವರ್ನಿಯವರಿಗೆ ನಗು ಬರಲಿಲ್ಲ. “ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು?”

“ಹೇಗೆ ಹೇಳೋದು ಬು? ನೀವು ಅಷ್ಟು ಪ್ರೀತಿಯಿಂದ ಚೀಟಿ ಇಡ್ತಿದ್ರಿ. ಬೇಡ ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ.” ಸ್ವಲ್ಪ ತಡೆದು ಜುಮಾದಿ ಮತ್ತೊಂದು ಮಾತು ಸೇರಿಸಿದರು. “ರಾಶೀನ ಯಾವತ್ತೂ ಒಡೆದಿಲ್ಲ ನಾವು. ನಿಮ್ಮ ದಾರಿಗಳೆಲ್ಲ ಸರಿ ಇದ್ದವು. ಮೇಲಿನ ಹೆಸರು ಮಾತ್ರ ತಪ್ಪು.”

ನಮ್ಮ ಊರಿನ ಈ ದಾಕ್ಷಿಣ್ಯವನ್ನು ಬು ಸುವರ್ನಿಯವರು ಹುಟ್ಟಿದಾಗಿನಿಂದ ಬಲ್ಲರು. ಹಿರಿಯರು ಬಡಿಸಿದ್ದನ್ನು ತಟ್ಟೆಯಲ್ಲಿ ಬಿಡುವುದಿಲ್ಲ, ಉಪಕಾರ ಮಾಡಿದವರ ಎದುರಿಗೆ ಅದು ಚುಚ್ಚುತ್ತದೆಂದು ಹೇಳುವುದಿಲ್ಲ. ಅವರೂ ಅತ್ತೆ ಹೊಲಿಸಿಕೊಟ್ಟ ಬಿಗಿ ರವಿಕೆಯನ್ನು ಹರಿಯುವವರೆಗೆ ಹಬ್ಬಗಳಲ್ಲಿ ತೊಟ್ಟವರೇ. ಆದರೆ ತಾವೇ ಅಂಥ ಅತ್ತೆಯಾಗಿದ್ದೇನೆಂದು ಅವರಿಗೆ ಯಾವ ದಿನವೂ ಹೊಳೆದಿರಲಿಲ್ಲ. ಒಂದಾದರೂ ಸರಿಯಿದ್ದೀತೆಂಬ ಆಸೆಯಿಂದ, ಸೇತುವೆಯ ಕಂಬಕ್ಕೆ ಒರಗಿ ನಿಂತಿದ್ದ ಪೊನಿರಾನ್‌ರ ಕಡೆಗೆ ಅವರು ತಿರುಗಿದರು.

“ಪೊನಿರಾನ್, ಕೆನಂಗಾ ಗಲ್ಲಿ ನಿನ್ನ ಮನೆ ಪಕ್ಕದ್ದಲ್ಲವೇನಪ್ಪ? ಅದನ್ನ ಯಾಕೆ ಕೊಟ್ಟೆ?”

ನಗು ನಿಂತಿತು. ಯು ನಾತುನ್ ಲೋಟ ಒರೆಸುವುದನ್ನು ಬಿಟ್ಟು ಅತ್ತ ತಿರುಗಿ ನಿಂತರು.

“ಅಲ್ಲೇ ಬು,” ಎಂದರು ಪೊನಿರಾನ್. “ಗಲ್ಲಿ ಒಳಗೆ, ಐಸ್ ಮಾರೋ ಅಂಗಡಿ ಮುಂದೆ. ಅಲ್ಲೇ ಅವಳು ಹೋಗಿದ್ದು.”

ತಲೆಯ ಮೇಲೆ ರೈಲು ಹಾದುಹೋಯಿತು. ಉಳಿದದ್ದನ್ನು ಜುಮಾದಿ ತಗ್ಗಿದ ದನಿಯಲ್ಲಿ ಹೇಳಿದರು. ಚೀಟಿ ಬದಲಾದ ಮೊದಲ ದಿನ ಪೊನಿರಾನ್ ಪಾರ್ಸೆಲ್ಲು ಹಿಡಿದು ಆ ಗಲ್ಲಿಯ ಬಾಯಿಯವರೆಗೆ ಹೋಗಿದ್ದರು. ಸಂಜೆಯಾದರೂ ಬರಲಿಲ್ಲವೆಂದು ಜುಮಾದಿ ಹುಡುಕಿಕೊಂಡು ಹೋದಾಗ, ಚರಂಡಿಯ ಕಟ್ಟೆಯ ಮೇಲೆ ಪಾರ್ಸೆಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಂದಿನಿಂದ ಕೆನಂಗಾ ಗಲ್ಲಿಯಿರುವ ರಾಶಿಯನ್ನು ಬೇರೆಯವರು ತೆಗೆದುಕೊಂಡರು. ಆ ಒಂದು ಗಲ್ಲಿಗಾಗಿ ಶುರುವಾದದ್ದೇ ಸೇತುವೆಯ ಕೆಳಗಿನ ಈ ಹಂಚಿಕೆ. ಉಳಿದವರ ಕಷ್ಟಗಳು ಆಮೇಲೆ ಒಂದೊಂದಾಗಿ ಬಂದು ಸೇರಿಕೊಂಡವು. ಸ್ಕ್ಯಾನ್ ಬಂದ ಮೇಲೆ ಉಳಿದೆಲ್ಲ ಅದಲುಬದಲು ನಿಂತರೂ, ಆ ಒಂದು ಗಲ್ಲಿಯದನ್ನು ಮಾತ್ರ ಅವರು ಬಿಡಲಿಲ್ಲ.

“ಅವತ್ತೇ ನನ್ನ ಹತ್ತಿರ ಬರಬಾರದಿತ್ತಾ?” ಎಂದರು ಬು ಸುವರ್ನಿಯವರು.

“ಅಕ್ಕಿ ಹೊತ್ಕೊಂಡು ನಮ್ಮನೆಗೆ ಬಂದಿದ್ರಿ ನೀವು. ನನ್ನ ಹೆಂಡತಿ ತಲೆ ನೇವರಿಸಿದ್ರಿ. ನಮಗೆ ಒಳ್ಳೇದಾಗ್ಲಿ ಅಂತ ಮಾಡಿದ್ರಿ.” ಪೊನಿರಾನ್ ಎಂದೂ ಇಷ್ಟು ಮಾತು ಆಡಿರಲಿಲ್ಲ. “ಆ ಜಾಗ ಅದೇ ಅಂತ ಗೊತ್ತಾದ್ರೆ ನೀವು ತಡ್ಕೊಳ್ತಿರಲಿಲ್ಲ ಬು. ಅದಕ್ಕೇ ಹೇಳಲಿಲ್ಲ.”

ಮಗಳನ್ನು ಕಳೆದುಕೊಂಡ ಮನುಷ್ಯ ಇಷ್ಟು ವರ್ಷ ತಮ್ಮನ್ನು ಕಾಪಾಡಿಕೊಂಡು ಬಂದಿದ್ದ. ಎಲ್ಲಿ ಎಂದು ಕೇಳದೆ ತಾವು ಅವನ ಗಾಯವನ್ನು ಮುಚ್ಚಿದೆವೆಂದುಕೊಂಡರೆ, ಅಲ್ಲಿ ಎಂದು ಹೇಳದೆ ಅವನು ತಮ್ಮ ಮನಸ್ಸನ್ನು ಮುಚ್ಚಿದ್ದ. ಅವರು ಗೋದಾಮಿಗೆ ಹೇಗೆ ಮರಳಿದರೆಂಬುದು ಅವರಿಗೆ ನೆನಪಿಲ್ಲ. ಬಂದವರು ನೆಲದ ಅಂಚಿನಲ್ಲಿ ನಿಂತು ಹೆಜ್ಜೆ ಇಡಲಾರದೆ ಹಾಗೇ ನಿಂತಿದ್ದನ್ನು ಕೌಂಟರಿನಲ್ಲಿದ್ದವರೆಲ್ಲ ನೋಡಿದೆವು. ಯಾರೋ ನೀರು ಕೊಟ್ಟರು. ಲೋಟ ಹಿಡಿದರು, ಕುಡಿಯಲಿಲ್ಲ. ಕೊಟ್ಟದ್ದೆಲ್ಲ ಮುಳ್ಳಾಗಿತ್ತೆಂದು ತಿಳಿದ ಮೇಲೆ, ಕೊಡುವುದಕ್ಕೆಂದೇ ಇದ್ದ ಎರಡು ಕೈಗಳನ್ನು ಏನು ಮಾಡುವುದೆಂದು ಅವರಿಗೆ ತೋಚಲಿಲ್ಲ. ಈ ಮಾತನ್ನು ಎಷ್ಟೋ ದಿನಗಳ ಮೇಲೆ ಅವರೇ ಹೇಳಿದರು.

ಮಲಾಂಗ್‌ನ ಅತಿಥಿಗಳು ಅಂದೇ ಬಂದರು. ಮಾಲೀಕರ ಕೋಣೆಯಲ್ಲಿ ಅವರಿಗೆ ಲೆಂಪೆರ್ ಕಡುಬು, ತಂಪು ಚಹಾ ಇಟ್ಟಿತ್ತು. ಕೊಹ್ ಹಂದೋಯೊ ಬು ಸುವರ್ನಿಯವರನ್ನು ಒಳಗೆ ಕರೆದು, ಎದ್ದು ನಿಂತು ಪರಿಚಯಿಸಿ, ಆ ಸಾಲು ಬರೆದಿರಾ ಎಂದು ಮೆಲ್ಲಗೆ ಕೇಳಿದರು.

“ಬರೆಯಲ್ಲ ಕೊಹ್,” ಎಂದರು ಅವರು, ಮೆಲ್ಲಗೆ ಹೇಳದೆ. “ನನಗೆ ಗೊತ್ತಿರಲಿಲ್ಲ ಅನ್ನೋದು ನಿಜ. ಗೊತ್ತಿಲ್ಲದೇ ಇದ್ದದ್ದು ನನ್ನ ತಪ್ಪು. ಗಂದೇವಾ ಇಷ್ಟು ವರ್ಷ ಹೊತ್ತಿಗೆ ತಲುಪಿಸಿದ್ದು ನಾನು ಹಂಚಿದ್ದರಿಂದಲ್ಲ. ನಾನು ಹಂಚಿದ್ದನ್ನ ಅವರು ಸೇತುವೆ ಕೆಳಗೆ ಮತ್ತೆ ಹಂಚಿಕೊಂಡಿದ್ದರಿಂದ. ನಿಮ್ಮ ಯಂತ್ರಕ್ಕೆ ನಾನು ಕಲಿಸಿದ್ದು ಅರ್ಧ ಮಾತ್ರ.”

ಅತಿಥಿಗಳ ಮುಂದೆ ಈ ಮಾತು ಬೇಡ ಎಂದರು ಕೊಹ್ ಹಂದೋಯೊ.

“ಅವರು ನನ್ನ ಫೋಟೋ ನೋಡಿ ತಾನೆ ಬಂದಿರೋದು. ಕೇಳಿಕೊಂಡೇ ಹೋಗ್ಲಿ. ಆ ಇಬ್ಬರೂ ಕದ್ದಿಲ್ಲ ಕೊಹ್. ಇಬ್ಬರನ್ನೂ ತೆಗೆಯೋದಾದ್ರೆ ಮೊದಲು ನನ್ನ ತೆಗೀರಿ.”

ಆಮೇಲೆ ಅವರು ಕೇಳಿದ್ದು ಒಂದೇ. ರಾಶಿಗಳನ್ನು ಕಂಪ್ಯೂಟರೇ ಮಾಡಲಿ, ದಾರಿಗಳನ್ನು ಅದೇ ಹೇಳಲಿ. ಮೇಲೆ ಹೆಸರು ಮಾತ್ರ ಬೇಡ. ಯಾವ ರಾಶಿ ಯಾರದೆಂದು ಸವಾರರೇ ಆರಿಸಿಕೊಳ್ಳಲಿ, ಆರಿಸಿಕೊಂಡ ಮೇಲೆ ಸ್ಕ್ಯಾನ್ ಆಗಲಿ. ಎಲ್ಲರೂ ಒಂದೇ ರಾಶಿಗೆ ಕೈ ಹಾಕಿದರೆ ಏನು ಗತಿ ಎಂದು ಕೊಹ್ ಹಂದೋಯೊ ಸಿಡುಕಿದರು. ವರ್ಷಗಟ್ಟಲೆ ಹಾಕಿಲ್ಲ, ಇನ್ನು ಮೇಲೆ ಯಾಕೆ ಹಾಕುತ್ತಾರೆ ಎಂದರು ಇವರು.

ಮಲಾಂಗ್‌ನವರು ಸಹಿ ಮಾಡದೆ ಎದ್ದು ಹೋದರು. ಮುಖ್ಯಸ್ಥೆಯ ಹುದ್ದೆ ಅವರೊಂದಿಗೇ ಹೋಯಿತು. ಕರಪತ್ರಗಳು ಕಟ್ಟುಕಟ್ಟಾಗಿ ರದ್ದಿಗೆ ಹೋದವು. ಕೊಹ್ ಹಂದೋಯೊ ಎಷ್ಟೋ ದಿನ ಬು ಸುವರ್ನಿಯವರೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಜುಮಾದಿ, ಪೊನಿರಾನ್ ಇಬ್ಬರನ್ನೂ ತೆಗೆಯಲಿಲ್ಲ. ರಂಜಾನ್ ಹಬ್ಬದವರೆಗೆ ನೋಡೋಣವೆಂದು ಒಲ್ಲದ ಮನಸ್ಸಿನಿಂದ ಒಪ್ಪಿದರು. ಹಬ್ಬದ ಹೊತ್ತಿಗೆ ವ್ಯಾಪಾರಿಗಳ ಕೂಗಾಟ ನಿಂತಿತ್ತು. ಗಂದೇವಾದಲ್ಲಿ ಹಂಚಿಕೆ ನಡೆಯುವುದು ಈಗಲೂ ಹಾಗೆಯೇ.

ಹೊಸ ಕ್ರಮದ ಮೊದಲ ಬೆಳಿಗ್ಗೆ ಹೆಸರಿಲ್ಲದ ರಾಶಿಗಳನ್ನು ಸವಾರರು ಆರಿಸಿಕೊಂಡು ಹೊರಟಾಗ, ಒಂದು ಸಣ್ಣ ರಾಶಿ ನೆಲದ ಮೇಲೆ ಉಳಿಯಿತು. ಕೆನಂಗಾ ಗಲ್ಲಿಯದು. ಜುಮಾದಿ ಕೈ ಚಾಚಿದರು. ಅವರಿಗಿಂತ ಮೊದಲು ಬು ಸುವರ್ನಿಯವರು ಬಗ್ಗಿ ಅದನ್ನು ಎತ್ತಿಕೊಂಡರು. ಇಡೀ ಸೇವೆಯಲ್ಲಿ ಸವಾರರನ್ನು ಸಾವಿರಾರು ಬಾಗಿಲಿಗೆ ಕಳಿಸಿದ ಅವರು, ತಾವಾಗಿ ಒಂದು ಬಾಗಿಲಿಗೂ ಪಾರ್ಸೆಲ್ಲು ಒಯ್ದವರಲ್ಲ. ಸೈಕಲ್ ರಿಕ್ಷಾ ಹತ್ತಿ ಹೋದರು.

ಭಯಂಕರವಾದದ್ದೇನನ್ನೋ ಕಾಣುತ್ತೇನೆಂದು ಅವರು ಎದೆ ಬಿಗಿ ಹಿಡಿದಿದ್ದರು. ಕಂಡದ್ದು ಎಲ್ಲ ಗಲ್ಲಿಗಳಂಥದೇ ಒಂದು ಗಲ್ಲಿ. ತಂತಿಯ ಮೇಲೆ ಒಣಗುವ ಬಟ್ಟೆ, ಪಂಜರದಲ್ಲಿ ಕೂಗುವ ಹಕ್ಕಿ, ಐಸಿನ ಅಂಗಡಿಯ ಮುಂದೆ ಕೆಂಪು ಶರಬತ್ತು ಹೀರುತ್ತ ನಿಂತ ಶಾಲೆಯ ಮಕ್ಕಳು. ಅಷ್ಟು ದೊಡ್ಡದು ನಡೆದುಹೋದ ನೆಲ ಇಷ್ಟು ಸಾಮಾನ್ಯವಾಗಿ ಇರುವುದೇ ಅವರಿಗೆ ಎಲ್ಲಕ್ಕಿಂತ ದೊಡ್ಡ ಆಘಾತವಾಯಿತು. ಅಂಗಡಿಯಾಕೆಗೆ ಪಾರ್ಸೆಲ್ಲು ಕೊಟ್ಟಾಗ, ಹೊಸಬರಾ ಎಂದು ಆಕೆ ಕೇಳಿದಳು. ಹೌದು, ಹೊಸಬಳು ಎಂದರು ಬು ಸುವರ್ನಿಯವರು.

ಅಂದಿನಿಂದ ಆ ಗಲ್ಲಿ ಅವರದು. ಬಿಸಿಲಿರಲಿ, ಮಳೆಯಿರಲಿ, ಅದರ ರಾಶಿಗೆ ಬೇರೆ ಯಾರ ಕೈಯೂ ತಾಕಿಲ್ಲ. ಮಳೆಗಾಲ ಶುರುವಾದಾಗ ಒಂದು ಬೆಳಿಗ್ಗೆ ಪೊನಿರಾನ್ ಗೋದಾಮಿನ ಮುಂದೆ ಬೈಕು ನಿಲ್ಲಿಸಿ, ಇನ್ನೊಂದು ಹೆಲ್ಮೆಟ್ಟು ಚಾಚಿದರು. “ಹತ್ತಿ ಬು. ಗಲ್ಲಿ ಬಾಯಿವರೆಗೆ ಬಿಡ್ತೀನಿ.” ಅಲ್ಲಿ ಎಂಜಿನ್ನು ಆರಿಸಿ, ಮುಖ ರಸ್ತೆಯ ಕಡೆಗೆ ತಿರುಗಿಸಿಕೊಂಡು ಕೂತರು. ಇವರು ಇಳಿದು ಒಳಗೆ ನಡೆದು ಹೋಗಿ, ಬಾಗಿಲು ಬಾಗಿಲಿಗೆ ಕೊಟ್ಟು ಬಂದರು. ಈಗಲೂ ದಿನವೂ ಹಾಗೆಯೇ. ಅವರು ಒಳಗೆ ಬಂದಿಲ್ಲ, ಬಾ ಎಂದು ಇವರು ಕರೆದೂ ಇಲ್ಲ. ಇಲ್ಲೇ ನಿಲ್ಲೋದು ಕಷ್ಟವಾದರೆ ಹೇಳಪ್ಪ ಎಂದು ಮಾತ್ರ ಇವರು ಮೊದಲ ದಿನವೇ ಬಾಯಿಬಿಟ್ಟು ಕೇಳಿದ್ದರು. ಕಷ್ಟವಾದರೆ ಹೇಳುತ್ತೇನೆ ಬು ಎಂದಿದ್ದರು ಪೊನಿರಾನ್. ಒಂದು ಸಲ, ಮಗಳು ತೀರಿಕೊಂಡ ತಿಂಗಳಲ್ಲಿ, ಹಾಗೆ ಹೇಳಿದರು ಕೂಡ: ಇವತ್ತು ಆಗಲ್ಲ ಬು ಎಂದು. ಅಂದು ಬು ಸುವರ್ನಿಯವರು ಸೈಕಲ್ ರಿಕ್ಷಾದಲ್ಲಿ ಹೋದರು. ತಮ್ಮ ಇಡೀ ಸೇವೆಯಲ್ಲಿ ತಮಗೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಆ ಒಂದು ‘ಆಗಲ್ಲ’ ಎಂದು ಅವರು ಹೇಳುತ್ತಾರೆ.

ನಿವೃತ್ತಿಯ ಉಡುಗೊರೆಯಾಗಿ ಏನು ಬೇಕೆಂದು ಕೊಹ್ ಹಂದೋಯೊ ಕೇಳಿದಾಗ ಅವರು ಕೆನಂಗಾ ಗಲ್ಲಿಯನ್ನು ಕೇಳಿದರು. ಕೆಲಸ ಬಿಟ್ಟವರಿಗೆ ಪಾರ್ಸೆಲ್ಲು ಕೊಡುವ ಪದ್ಧತಿ ಎಲ್ಲೂ ಇಲ್ಲವೆಂದು ಮಾಲೀಕರು ವಾದಿಸಿ, ಕೊನೆಗೆ ಸೋತರು. ಹಾಗಾಗಿ ಬು ಸುವರ್ನಿಯವರಿಗೆ ವಿಶ್ರಾಂತಿಯ ಬದುಕನ್ನು ಹಾರೈಸುವ ಅವಕಾಶ ಈ ಸಂಪುಟಕ್ಕೆ ಇಲ್ಲ. ಅವರ ಮೊಣಕಾಲುಗಳು ಗಟ್ಟಿಯಾಗಿರಲಿ, ಕಣ್ಣುಗಳು ಬಾಗಿಲಿನ ನಂಬರುಗಳನ್ನು ಬಹುಕಾಲ ಓದಲಿ, ಐಸಿನ ಅಂಗಡಿಯ ಮಕ್ಕಳು ಬೆಳೆದು ದೊಡ್ಡವರಾಗಿ ತಮ್ಮ ಪಾರ್ಸೆಲ್ಲುಗಳನ್ನು ಅವರ ಕೈಯಿಂದಲೇ ಪಡೆಯುವಷ್ಟು ಆಯುಸ್ಸನ್ನು ದೇವರು ಅವರಿಗೆ ಕೊಡಲಿ. ಮತ್ತು ಅಷ್ಟು ವರ್ಷವೂ, ಅವರು ಗಲ್ಲಿಯಿಂದ ಹೊರಗೆ ಬರುವಾಗ, ಆಗುವ ದಿನಗಳಲ್ಲಿ, ಅಲ್ಲಿ ಒಬ್ಬರು ಬೈಕು ನಿಲ್ಲಿಸಿಕೊಂಡು ಕಾಯುತ್ತಿರಲಿ.